ಮೈಗೆ ಮೊದಲೇ ಹೇಳಿಡಬೇಕು

ನಮ್ಮ ಸೋದರಮಾವ ಏಳುವುದಕ್ಕೆ ಮೊದಲೇ ಎದ್ದಿರುತ್ತಿದ್ದರು, ಹೊರಡುವುದಕ್ಕೆ ಮೊದಲೇ ಹೊರಟಿರುತ್ತಿದ್ದರು! ಇವಳು ಕತೆ ಕಟ್ಟುತ್ತಿದ್ದಾಳೆ ಅನ್ನಿಸಿದರೆ ಚಾಮರಾಜಪೇಟೆಯಲ್ಲಿ ನಮ್ಮ ರಸ್ತೆಯ ಹಳಬರನ್ನು ಯಾರನ್ನಾದರೂ ಕೇಳಿ ನೋಡಿ. ಜಗಲಿಯ ಬೆಂಚಿನ ಮೇಲೆ ಒಂದಿಷ್ಟೂ ಅಲುಗಾಡದೆ ಕೂತುಕೊಂಡೇ ಅವರು ಗಟ್ಟಿಯಾಗಿ "ಎದ್ದೆ!" ಎಂದು ಸಾರುತ್ತಿದ್ದರು. ಸಾರಿ, ಒಂದು ಉಸಿರು ಎಳೆದುಕೊಂಡು, ಆಮೇಲೆ ಏಳುತ್ತಿದ್ದರು. "ಹತ್ತಿದೆ!" ಆಮೇಲೆ ಮೆಟ್ಟಿಲು. "ದಾಟಿದೆ!" ಆಮೇಲೆ ಹೊಸಿಲು. ಸ್ನಾನಕ್ಕೆ ಹೋದರೆ ಬಚ್ಚಲಮನೆಯಿಂದ "ಬಗ್ಗಿದೆ! ಸುರಿದೆ!" ಎಂದೆಲ್ಲ ಕೇಳಿಬರುತ್ತಿತ್ತು. ಪಕ್ಕದ ಮನೆಗೆ ಹೊಸದಾಗಿ ಬಂದಾಕೆ, "ನಿಮ್ಮ ತಮ್ಮನಿಗೆ ಸ್ನಾನ ಮಾಡಿಸೋರು ಯಾರ್ರೀ?" ಎಂದು ನಮ್ಮಮ್ಮನನ್ನು ವಿಚಾರಿಸಿದ್ದರು.

ನಾನು ಚಿಕ್ಕವಳು, ಬಾಯಿ ದೊಡ್ಡದು. "ಎದ್ದಿಲ್ದೇನೇ ಎದ್ದೆ ಅನ್ನೋದು ಸುಳ್ಳಲ್ವಾ ಮಾವ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ನಿಮ್ಮಮ್ಮ ಕರೆದ್ರೆ ನೀನೇನು ಅಂತೀಯ?"

"ಬಂದೆ ಅಂತೀನಿ."

"ಬಂದಿರ್ತೀಯಾ?"

ಎಲ್ಲಿ ಬಂದಿರುತ್ತೇನೆ! ಹಿತ್ತಲಲ್ಲಿ ಕುಂಟಾಬಿಲ್ಲೆ ಆಡುತ್ತಿರುತ್ತೇನೆ. ನೀವೂ ಯೋಚಿಸಿ ನೋಡಿ, ನಾವು ಕನ್ನಡದವರೆಲ್ಲ ಇದೇ ಜಾತಿ. ಬಾಗಿಲಲ್ಲಿ ಯಾರೋ ಕೂಗಿದರೆ ಮೈತುಂಬ ಸೋಪು ಬಳಿದುಕೊಂಡು ನಿಂತವನೂ "ಬಂದೆ, ಬಂದೆ" ಅನ್ನುತ್ತಾನೆ. ಬರುತ್ತೇನೆ ಎಂದು ಹೇಳುವವರು ಯಾರಿದ್ದಾರೆ? ಮಾವನ ಪ್ರಕಾರ ಇದು ಸುಳ್ಳಲ್ಲ, ಮೈಗೆ ಮುಂಚಿತವಾಗಿ ತಲುಪಿಸಿದ ಸಮಾಚಾರ.

"ಮೈ ಬಹಳ ಮಾನಿಷ್ಠ ಪ್ರಾಣಿ ಕಣೇ. ಮೊದಲೇ ಹೇಳಿದ್ರೆ ಬೆನ್ನು, ತೊಡೆ, ಹಿಮ್ಮಡಿ ಎಲ್ಲಾನೂ ಅಣಿ ಮಾಡ್ಕೊಂಡು ಕಾದಿರುತ್ತೆ. ಹೇಳ್ದೆ ಕೇಳ್ದೆ ಕೆಲಸ ಒಪ್ಪಿಸಿದ್ರೆ ಮುಗ್ಗರಿಸುತ್ತೆ. ಎಲ್ಲಿ, ನೆಟ್ಟಗೆ ನಿಂತ್ಕೊಂಡು ಕೈ ಮುಂದಕ್ಕೆ ಎತ್ತು ನೋಡೋಣ. ಮೊದಲು ಯಾವುದು ಬಿಗಿಯಾಯ್ತು?"

ಎತ್ತಿದೆ. ಆಣೆಯಿಟ್ಟು ಹೇಳುತ್ತೇನೆ, ಕೈ ಮೇಲೇಳುವುದಕ್ಕೆ ಮೊದಲೇ ಮೀನಖಂಡ ಬಿಗಿಯಾಗಿತ್ತು! ಕೈ ಮುಂದಕ್ಕೆ ಹೋದರೆ ಮೈ ಮುಂದಕ್ಕೆ ವಾಲುತ್ತದೆಂದು ಕಾಲಿಗೆ ಯಾರು ಹೇಳಿದರು? ನಾನಂತೂ ಹೇಳಿರಲಿಲ್ಲ. "ಮಿದುಳು ಹೇಳಿರುತ್ತೆ, ನಿನ್ನನ್ನ ಕೇಳದೇನೇ. ನಾನು ಅದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ ಅಷ್ಟೇ," ಎಂದರು ಮಾವ.

ಅವರು ಹತ್ತಿರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟರು. ಖಾಕಿ ನಿಕ್ಕರು, ಕರಿ ಟೋಪಿ, ಕೊರಳಲ್ಲಿ ಸೀಟಿ. ಮದುವೆಯಾಗಲಿಲ್ಲ. "ಆದೆ ಅಂತ ಹೇಳಿ ಕಾದೆ, ಯಾರೂ ಬರ್ಲಿಲ್ಲ," ಎಂದು ನಗುತ್ತಿದ್ದರು. ನಿಜವಾದ ಕಾರಣ ನಾನು ಮತ್ತು ಅಮ್ಮ. ವಿಧವೆ ಅಕ್ಕ, ಅವಳದೊಂದು ಮಗು ಇರುವ ಮನೆಗೆ ಹೆಣ್ಣು ಕೊಡಲು ಬಂದವರು ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಇದು ನನಗೆ ಅರ್ಥವಾಗುವ ಹೊತ್ತಿಗೆ ಅವರ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು.

ಡ್ರಿಲ್ಲಿನ ಹುಕುಂನಲ್ಲಿ ಎರಡು ತುಂಡುಗಳಿವೆಯಲ್ಲ, "ರೈಟ್" ಅನ್ನುವುದೊಂದು, "ಟರ್ನ್" ಅನ್ನುವುದೊಂದು. "ರೈಟ್ ಅನ್ನೋದು ಮೈಗೆ, ಟರ್ನ್ ಅನ್ನೋದು ಕಾಲಿಗೆ. ನಡುವೆ ಸುಮ್ಮನಿರ್ತೀವಲ್ಲ, ಕೆಲಸ ಎಲ್ಲಾ ಆಗೋದು ಅಲ್ಲೇ," ಅನ್ನುವುದು ಮಾವನ ವಾದ. ಹಾಗಾಗಿ ಬೇರೆ ಮೇಷ್ಟರುಗಳು ಒಂದು ಉಸಿರಿನಲ್ಲಿ ಮುಗಿಸುವುದಕ್ಕೆ ಇವರು ನಾಲ್ಕು ಉಸಿರು ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಇವರು "ರೈಟ್..." ಎಂದಿದ್ದಾರೆ, ಅಷ್ಟರಲ್ಲಿ ಹೆಡ್ಮಾಸ್ಟರು ಟೈಂಟೇಬಲ್ ಹಿಡಿದುಕೊಂಡು ಬಂದರು. ಮಾತು ಬೆಳೆಯಿತು. ವರಾಂಡಕ್ಕೂ ಹೋಗಿ ಬಂದರು. ತಿರುಗಿ ನೋಡಿದರೆ ಇಡೀ ಕ್ಲಾಸಿಗೆ ಕ್ಲಾಸೇ ಬಲಕ್ಕೆ ವಾಲಿಕೊಂಡು ನಿಂತಿದೆ!

"ಏನ್ರೀ ಇದು, ಹುಡುಗರೆಲ್ಲ ಯಾಕ್ರೀ ಹೀಗೆ ವಾಲಿದಾರೆ?"

"ಅವರು ತಿರುಗಿ ಆಗಿದೆ ಸಾರ್. ನಾನು ಹೇಳೋದೊಂದು ಬಾಕಿ," ಎಂದರಂತೆ ಮಾವ.

ಇಂಥ ಮನುಷ್ಯ ಒಂದು ಸಲ ತಾವೇ ಮೋಸಹೋದರು. ಬೀದಿ ನಲ್ಲಿಯಿಂದ ತುಂಬಿಸಿ ತಂದ ಕೊಡಪಾನ ಅಡುಗೆಮನೆ ಬಾಗಿಲಲ್ಲಿತ್ತು. ಅಮ್ಮ ಅದನ್ನು ಹಂಡೆಗೆ ಸುರಿದು ಮತ್ತೆ ಅಲ್ಲೇ ಇಟ್ಟು ಮುಚ್ಚಳ ಮುಚ್ಚಿದ್ದರು. ಮಾವ ಬಂದರು, ಕಾಲು ಅಗಲಿಸಿದರು, "ಎತ್ತಿದೆ!" ಎಂದರು, ಎತ್ತಿದರು. ಖಾಲಿ ಕೊಡಪಾನ ಸುಂಯ್ಯೆಂದು ಮೇಲೆದ್ದು ಗದ್ದಕ್ಕೆ ಬಡಿಯಿತು. ಮಾವ ಹಿಂದಕ್ಕೆ ಬಿದ್ದವರು ಕೊಡಪಾನವನ್ನು ಎದೆಗವಚಿಕೊಂಡೇ ಕೂತರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಅವರು ಮಾತ್ರ ತಮ್ಮ ಎರಡು ತೋಳುಗಳನ್ನೂ ನೋಡಿಕೊಂಡು ಬಹಳ ಗಂಭೀರವಾಗಿ "ತಪ್ಪಾಯ್ತು, ನಿಮಗೆ ಸುಳ್ಳು ಹೇಳಿದೆ," ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ಪಾತ್ರೆಯನ್ನೂ ಬಾಯಿಬಿಡದೆ ಕೈಬದಲಾಯಿಸುವ ಹಾಗಿರಲಿಲ್ಲ. "ತುಂಬಿದೆ", "ಅರ್ಧ", "ಖಾಲಿ" ಎಂದು ಹೇಳಿಯೇ ಕೊಡಬೇಕು. ಬಂದವರಿಗೆ ಅಮ್ಮ ಕಾಫಿ ಲೋಟ ಕೊಡುವಾಗಲೂ ಅಭ್ಯಾಸಬಲದಿಂದ "ಮುಕ್ಕಾಲು" ಅಂದುಬಿಡುತ್ತಿದ್ದರು, ಅವರು ಪೂರ್ತಿ ಯಾಕಿಲ್ಲ ಎಂದು ಲೋಟದೊಳಗೆ ಇಣುಕುತ್ತಿದ್ದರು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ನನಗೆ ಎರಡೂವರೆ ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನು ಕರೆದುಕೊಂಡು ಜಟಕಾದಲ್ಲಿ ತಮ್ಮನ ಮನೆಗೆ ಬಂದರು. ಆಗ ನನ್ನನ್ನು ಯಾರು ಮುಟ್ಟಿದರೂ ಕಿರುಚುತ್ತಿದ್ದೆನಂತೆ, ಜಟಕಾದ ಮೂಲೆ ಸೇರಿಕೊಂಡು ಇಳಿಯಲೇ ಇಲ್ಲವಂತೆ. ಮಾವ ಮುಟ್ಟಲಿಲ್ಲ. ಎರಡೂ ಕೈ ಚಾಚಿ "ಎತ್ತಿದೆ" ಎಂದು ಹೇಳಿ ಹಾಗೇ ನಿಂತರು. ಕುದುರೆ ಕಾಲು ಬದಲಾಯಿಸಿತು, ಜಟಕಾದವನು ಗೊಣಗಿದ, ಅಮ್ಮ "ಎಳ್ಕೊಂಡುಬಿಡೋ" ಎಂದರು. ಮಾವ ನಿಂತೇ ಇದ್ದರು. ಎಷ್ಟೋ ಹೊತ್ತಾದ ಮೇಲೆ ನಾನಾಗಿಯೇ ಭುಜ ಮೇಲೆತ್ತಿ, ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಎತ್ತಿದೆನಂತೆ. ಆಗ ಎತ್ತಿಕೊಂಡರು. ಇದನ್ನು ಹೇಳುವಾಗಲೆಲ್ಲ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿದ್ದೆ ಮಾಡೋ ಮಗು ಭಾರ, ಎಚ್ಚರವಾಗಿರೋ ಮಗು ಹಗುರ. ಯಾಕೆ ಹೇಳು? ಎತ್ತೋರಷ್ಟೇ ಅಲ್ಲ, ಎತ್ತಿಸ್ಕೊಳ್ಳೋರೂ ಸಿದ್ಧ ಆಗ್ಬೇಕು. ಅರ್ಧ ಭಾರ ಮಗೂನೇ ಹೊತ್ಕೊಂಡಿರುತ್ತೆ," ಎನ್ನುತ್ತಿದ್ದರು ಮಾವ. ಆಮೇಲೆ ದಿನಾ ಸಂಜೆ ಸ್ಕೂಲಿನಿಂದ ಬಂದೊಡನೆ ಜಗಲಿಯಲ್ಲಿ ಒಂದು "ಎತ್ತಿದೆ!" ಆಗಬೇಕು. ನನಗೆ ಏಳು ತುಂಬಿದ ದಿನ ನಿಲ್ಲಿಸಿದರು. "ಇನ್ನು ನೀನು ದೊಡ್ಡವಳು. ಇನ್ನು ಎತ್ತೋದು ಒಂದೇ ಒಂದು ಸಲ," ಎಂದರು. ಅದು ಯಾವ ಸಲವೆಂದು ನನಗೂ ಗೊತ್ತಿತ್ತು. ನಮ್ಮಲ್ಲಿ ಮದುವೆಯ ಮುಹೂರ್ತಕ್ಕೆ ಹೆಣ್ಣನ್ನು ಗೌರೀಪೂಜೆಯ ಕೋಣೆಯಿಂದ ಮಂಟಪದ ಅಂತರಪಟದ ತನಕ ಸೋದರಮಾವ ಎತ್ತಿಕೊಂಡು ಬರಬೇಕು. ಧಾರೆ ಎರೆಯುವುದಕ್ಕೆ ಅಪ್ಪನ ಕಡೆಯವರು ಬರುತ್ತಾರೆ, ಅದರಲ್ಲಿ ಮಾವನಿಗೆ ಪಾತ್ರವಿಲ್ಲ. ಇಷ್ಟು ವರ್ಷ ಸಾಕಿದವರಿಗೆ ಆ ಮದುವೆಯಲ್ಲಿ ಇದ್ದ ಹಕ್ಕೆಲ್ಲ ಆ ನಾಲ್ಕು ಹೆಜ್ಜೆ ಮಾತ್ರ.

ನನಗೆ ಹತ್ತೊಂಬತ್ತು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಸ್ಕೂಲಿನ ಮೈದಾನದಲ್ಲಿ ಮಾವ "ರೈಟ್..." ಎಂದರು. ಎಂದವರು ಹಾಗೇ ನೆಲಕ್ಕೆ ಕುಸಿದು ಕೂತರು. ಮಕ್ಕಳು ಬಲಕ್ಕೆ ವಾಲಿಕೊಂಡು ಕಾದರು. ಮೇಷ್ಟರ ಮೌನ ಅವರಿಗೆ ಹೊಸದೇ? ಕೂತದ್ದೂ ಪಾಠವೇ ಇರಬೇಕೆಂದು ಅಂದುಕೊಂಡು ಇನ್ನೂ ಕಾದರು. "ಟರ್ನ್" ಬರಲೇ ಇಲ್ಲ. ಮೇಷ್ಟರ ಬಾಯಿ ಒಂದು ಪಕ್ಕಕ್ಕೆ ಎಳೆದಿರುವುದನ್ನು ಮುಂದಿನ ಸಾಲಿನವನೊಬ್ಬ ನೋಡಿ ಓಡಿದನಂತೆ. ಹೆಡ್ಮಾಸ್ಟರ ಕತೆಯನ್ನು ಅಲ್ಲಿಯತನಕ ನೂರು ಸಲ ಹೇಳಿ ನಗಿಸಿದ್ದ ನಾನು ಆಮೇಲೆ ಬಹಳ ವರ್ಷ ಅದನ್ನು ಬಾಯಲ್ಲಿ ಎತ್ತಲಿಲ್ಲ.

ಬಲಗೈ, ಬಲಗಾಲು ಹೋಗಿದ್ದವು. ಡಾಕ್ಟರು ಮನೆಗೇ ಬಂದು, "ಎಲ್ಲಿ, ಬಲಗೈ ಎತ್ತಿ ನೋಡೋಣ," ಎಂದರು.

"ಎ...ತ್ತಿದೆ," ಎಂದರು ಮಾವ. ನಾಲಗೆ ದಪ್ಪವಾಗಿತ್ತು. ಕೈ ಹಾಸಿಗೆಯ ಮೇಲೆ ಬಿದ್ದೇ ಇತ್ತು.

"ಎತ್ತಿಲ್ಲ ಮೇಷ್ಟ್ರೇ."

"ಹೇಳಿ ಕಳ್ಸಿದೀನಿ ಡಾಕ್ಟ್ರೇ. ತಲುಪೋದು ತಡ."

ಡಾಕ್ಟರು ನಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅದುವರೆಗೆ ನಾವು ಹಾಸ್ಯಮಾಡಿಕೊಂಡಿದ್ದ ಹುಚ್ಚೇ ಆಮೇಲೆ ಅವರಿಗೆ ಔಷಧವಾಯಿತು. ದಿನಾ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿಕೊಂಡೇ ಒಂದೊಂದು ಬೆರಳಿಗೂ ಹುಕುಂ ಕೊಡುತ್ತಿದ್ದರು. "ಮಡಿಸಿದೆ. ಬಿಡಿಸಿದೆ." ಬೆರಳು ಕೇಳುತ್ತಿರಲಿಲ್ಲ, ಇವರು ಬಿಡುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಾಲಿಗೆ ಸಮಾಚಾರ ಮುಟ್ಟಿತು, ಕೋಲೂರಿಕೊಂಡು ನಡೆಯತೊಡಗಿದರು. ಬಲಗೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಸ್ಕೂಲಿಗೆ ಮತ್ತೆ ಹೋಗಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ವಿಶ್ವೇಶ್ವರಪುರದಿಂದ ನನ್ನನ್ನು ನೋಡಲು ಬಂದರು. ಹುಡುಗನ ತಾಯಿ ಕೂರಲು ಹೊರಟಾಗ ಮಾವ ಗಾಬರಿಯಿಂದ, "ಆ ಕುರ್ಚಿ ಎರಡು ಬೆರಳು ತಗ್ಗಿದೆ, ಮೈಗೆ ಹೇಳಿಬಿಟ್ಟು ಕೂತ್ಕೊಳ್ಳಿ," ಎಂದರು. ಆಕೆಗೆ ತಲೆಬುಡ ಅರ್ಥವಾಗಲಿಲ್ಲ, ದಬಕ್ಕನೆ ಕೂತು "ಅಯ್ಯೋ!" ಎಂದರು. ಮುಗಿಯಿತು, ಈ ಸಂಬಂಧ ಎದ್ದುಹೋಯಿತು ಎಂದುಕೊಂಡೆ. ಪಕ್ಕದಲ್ಲಿ ನಿಂತಿದ್ದ ಹುಡುಗ ಮಾವನ ಮುಖವನ್ನೊಮ್ಮೆ ನೋಡಿ, "ಕೂತೆ," ಎಂದು ಹೇಳಿ, ಆಮೇಲೆ ಕೂತರು. ನಾನು ಒಪ್ಪಿದ್ದು ಅವರ ಕೆಲಸ ನೋಡಿಯೂ ಅಲ್ಲ, ಮೂಗು ನೋಡಿಯೂ ಅಲ್ಲ!

ಮದುವೆ ಗೊತ್ತಾಯಿತು. ಬಸವನಗುಡಿಯ ಒಂದು ಛತ್ರವೂ ಗೊತ್ತಾಯಿತು. ಆಗ ಎದ್ದಿತು ನೋಡಿ ಪ್ರಶ್ನೆ, ಹೆಣ್ಣನ್ನು ಎತ್ತುವವರು ಯಾರು?

"ನಾನು," ಎಂದರು ಮಾವ.

"ನಿನಗೆ ಲೋಟ ಎತ್ತೋಕಾಗಲ್ಲ ಕಣೋ!" ಎಂದರು ಅಮ್ಮ. ಡಾಕ್ಟರು ಬೇಡವೇ ಬೇಡ ಎಂದರು. ಅಮ್ಮನ ದೊಡ್ಡಮ್ಮನ ಮಗ ಒಬ್ಬರು ಮಲ್ಲೇಶ್ವರದಲ್ಲಿದ್ದರು, ಆಳು ಗಟ್ಟಿಮುಟ್ಟು, ಸಂಬಂಧದಲ್ಲಿ ಅವರೂ ಸೋದರಮಾವನೇ. ಅವರು ಬಂದು, "ನಾನಿದೀನಲ್ಲಕ್ಕ, ಇವಳಂಥ ಇಬ್ಬರನ್ನ ಎತ್ತಿಬಿಡ್ತೀನಿ," ಎಂದರು. ಮಾವ ಗೋಡೆಯ ಕಡೆ ತಿರುಗಿ ಕೂತರು. ಅವರ ಮುಖ ನನಗೆ ನೋಡಲಾಗಲಿಲ್ಲ.

"ಮಾವ ಎತ್ತದಿದ್ರೆ ನಾನು ನಡ್ಕೊಂಡೇ ಹೋಗ್ತೀನಿ. ಇನ್ಯಾರೂ ಮುಟ್ಟಕೂಡದು," ಎಂದೆ. ಮದುವೆಯ ಹೆಣ್ಣು ಹಾಗೆಲ್ಲ ಮಾತಾಡಬಾರದಂತೆ. ಮಾತಾಡಿದೆ.

ಸರಿ, ಸಿದ್ಧತೆ ಶುರುವಾಯಿತು. ಮೊದಲು ಭಾರ ಎಷ್ಟೆಂದು ಮೈಗೆ ಹೇಳಬೇಕಲ್ಲ? ಮಾವ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ನನ್ನನ್ನು ರೈಲ್ವೆ ಸ್ಟೇಷನ್ನಿನ ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದರು. ತೊಂಬತ್ತೆಂಟು ಪೌಂಡು. ಚೀಟಿಯ ಹಿಂದೆ "ನಿಮಗೆ ದೂರಪ್ರಯಾಣದ ಯೋಗವಿದೆ" ಎಂದು ಅಚ್ಚಾಗಿತ್ತು. "ಚಾಮರಾಜಪೇಟೆಯಿಂದ ವಿಶ್ವೇಶ್ವರಪುರಕ್ಕೆ! ಬಹಳ ದೂರ," ಎಂದರು ಮಾವ. ಮನೆಯಲ್ಲಿ ಅಷ್ಟೇ ತೂಕದ ಮೂಟೆ ಬೇಕು. ರೇಷನ್ನಿನ ಕಾಲ, ಅಷ್ಟು ಅಕ್ಕಿ ಯಾರ ಮನೆಯಲ್ಲಿತ್ತು? ಸ್ಕೂಲಿನ ಲಾಂಗ್‌ಜಂಪ್ ಗುಂಡಿಯಿಂದ ಮರಳು ಬಂತು. ಗೋಣಿಚೀಲಕ್ಕೆ ತುಂಬಿ, ಹಿಡಿತ ಸಿಗಲೆಂದು ಅಮ್ಮನ ಹಳೆಯ ಸೀರೆ ಸುತ್ತಿ ಹಿತ್ತಲಲ್ಲಿ ನಿಲ್ಲಿಸಿದರು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ನೋಡಿ, "ಯಾರ್ರೀ ಅದು ಬಂದಿರೋರು, ಆಗಿನಿಂದ ಬಿಸಿಲಲ್ಲೇ ನಿಂತಿದಾರೆ?" ಎಂದು ಕೇಳಿದರು.

ಮಾವನಿಗೆ ಹಗುರವಾಗಲೆಂದು ನಾನು ರಾತ್ರಿಯೂಟ ಬಿಟ್ಟೆ. ಮೂರನೆಯ ದಿನಕ್ಕೆ ಪತ್ತೆಹಚ್ಚಿದರು. ನನ್ನ ಮೇಲೆ ಅವರು ಕೂಗಾಡಿದ್ದು ಅದೊಂದೇ ಸಲ.

"ತೊಂಬತ್ತೆಂಟು ಅಂತ ಮೈಗೆ ಹೇಳಿಟ್ಟಿದೀನಿ! ನೀನು ಕಮ್ಮಿಯಾದ್ರೆ ಖಾಲಿ ಕೊಡಪಾನ ಆಗುತ್ತೆ, ಗೊತ್ತಾಗಲ್ವಾ? ಅಕ್ಕ, ಇವಳಿಗೆ ಅನ್ನ ಹಾಕು! ಜೊತೆಗೆ ಒಡವೆ ಭಾರ ಎಷ್ಟಾಗುತ್ತೆ ಅದನ್ನೂ ಹೇಳು."

"ಒಡವೆ ಯೋಚನೆ ನಿನಗೆ ಬೇಡ. ಅಷ್ಟೇನೂ ಇಲ್ಲ," ಎಂದರು ಅಮ್ಮ ಮೆಲ್ಲಗೆ.

ಛತ್ರಕ್ಕೆ ಮೂರು ಸಲ ಹೋಗಿ ದಾರಿ ಅಳೆದುಬಂದರು. ಹದಿನೆಂಟು ಹೆಜ್ಜೆ, ಒಂದು ಹೊಸಿಲು, ಹನ್ನೊಂದನೆಯ ಹೆಜ್ಜೆಗೆ ಸ್ವಲ್ಪ ಮೇಲೆದ್ದ ಕಲ್ಲು. ಎಲ್ಲ ಬಾಯಿಪಾಠವಾಯಿತು. ಆದರೆ ಮರಳಿನ ಮೂಟೆ? ಅಡುಗೆಮನೆ ಕಿಟಕಿಯಿಂದ ನಾನು ದಿನಾ ಕದ್ದು ನೋಡುತ್ತಿದ್ದೆ. "ಎತ್ತಿದೆ!" ಉಸಿರು. ಎಡಗೈ ಬಿಗಿಯುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು, ಮೂಟೆ ನೆಲ ಬಿಡುತ್ತಿರಲಿಲ್ಲ. ಮದುವೆಯ ಹಿಂದಿನ ದಿನದ ತನಕವೂ ಬಿಡಲಿಲ್ಲ. ಮಾವ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮುಹೂರ್ತದ ದಿನ ಗೌರಿಯ ಮುಂದೆ ಕೂತಿದ್ದೆ. ಹೊರಗೆ ಓಲಗ ಜೋರಾಯಿತು. "ಹೆಣ್ಣನ್ನ ಕರ್ಕೊಂಡು ಬನ್ನಿ, ಹೊತ್ತು ಮೀರ್ತಿದೆ!" ಎಂದು ಪುರೋಹಿತರು ಕೂಗಿದರು. ಎದ್ದು ನಿಂತೆ. ಮಾವ ಜರಿಪಂಚೆ ಉಟ್ಟು, ಕೋಟು ತೊಟ್ಟು ಬಂದರು. ಮಲ್ಲೇಶ್ವರದ ಮಾವ ಸೊಂಟಕ್ಕೆ ಶಲ್ಯ ಬಿಗಿದು, ಎತ್ತುವುದಕ್ಕೆ ತಯಾರಾಗಿ ಪಕ್ಕದಲ್ಲೇ ನಿಂತಿದ್ದರು. ನಮ್ಮ ಮಾವ ತಮ್ಮ ಕೋಲನ್ನು ಅವರ ಕೈಗೆ ಕೊಟ್ಟು, "ಇದನ್ನ ಹಿಡ್ಕೊಂಡಿರಪ್ಪ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಚಾಚಿದರು. ಬಲಗೈ ಅರ್ಧಕ್ಕೇ ನಿಂತಿತು.

"ಎತ್ತಿದೆ," ಎಂದರು.

ನಾನು ಏನನ್ನೂ ಯೋಚಿಸಿರಲಿಲ್ಲ, ನಂಬಿ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಭುಜ ಮೇಲೆದ್ದಿತು, ಬೆನ್ನು ನೆಟ್ಟಗಾಯಿತು, ಹಿಮ್ಮಡಿ ನೆಲ ಬಿಟ್ಟಿತು. ಕೈಗಳು ತಾವಾಗಿಯೇ ಹೋಗಿ ಅವರ ಕೊರಳು ಬಳಸಿದವು. ಎಡಗೈಯಿಂದ ಅವರು ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದರು, ಬಲಗೈ ನನ್ನ ಬೆನ್ನ ಮೇಲೆ ಸುಮ್ಮನೆ ಆತುಕೊಂಡಿತ್ತು. ಧಾರೆಸೀರೆಯ ನಿರಿಗೆಯೊಳಗೆ ನನ್ನ ಬಲಗಾಲಿನ ಹೆಬ್ಬೆರಳೊಂದು ಮಾತ್ರ ನೆಲ ಮುಟ್ಟಿಕೊಂಡು ಬರುತ್ತಿತ್ತು. ಅವರು ಒಂದೊಂದು ಹೆಜ್ಜೆ ಇಟ್ಟಾಗಲೂ ನಾನು ಆ ಹೆಬ್ಬೆರಳ ಮೇಲೆ ಒಂದೊಂದು ಚಿಮ್ಮು ಚಿಮ್ಮುತ್ತಿದ್ದೆ. "ಹೊಸಿಲು," ಎಂದರು ಕಿವಿಯಲ್ಲಿ. ದಾಟಿದೆವು. "ಕಲ್ಲು." ದಾಟಿದೆವು. ಹದಿನೆಂಟಕ್ಕೆ "ಇಳಿಸಿದೆ," ಎಂದರು. ಅಂತರಪಟದ ಮುಂದೆ ನಿಂತಿದ್ದೆ. ಗಟ್ಟಿಮೇಳ ಮೊಳಗಿತು, ನನ್ನ ಕೈಯಲ್ಲಿ ಜೀರಿಗೆ ಬೆಲ್ಲ ಇಟ್ಟರು.

"ಲಕ್ವ ಹೊಡೆದೋರು ಹೂವಿನ ಹಾಗೆ ಎತ್ಕೊಂಡು ಬಂದ್ರಲ್ರೀ!" ಎಂದು ಹೆಂಗಸರು ಮಾತಾಡಿಕೊಂಡರು. ಮಲ್ಲೇಶ್ವರದ ಮಾವ ಕೋಲು ಹಿಡಿದುಕೊಂಡೇ ಕಣ್ಣೊರೆಸಿಕೊಂಡರು. ಊಟದ ಪಂಕ್ತಿಯಲ್ಲಿ ನಮ್ಮ ಮಾವ ಎಲೆಯಿಂದ ಎಲೆಗೆ ಹೋಗಿ, "ತೊಂಬತ್ತೆಂಟು ಪೌಂಡು! ಒಡವೆ ಬೇರೆ!" ಎಂದು ಹೇಳಿಕೊಂಡು ಓಡಾಡಿದರು. ಸದ್ಯ, ಅವರಿಗೆ ಗೊತ್ತಾಗಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಅವರನ್ನು ಎಷ್ಟು ಚೆನ್ನಾಗಿ ನಂಬಿಸಿದೆ!

ಸಂಜೆ ಹೊರಡುವ ಹೊತ್ತಾಯಿತು. ಮಾವ ಛತ್ರದ ಜಗಲಿಯ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಮಸ್ಕಾರ ಮಾಡಿ ಎದ್ದೆ.

"ಬಲಗಾಲು ತೋರ್ಸು," ಎಂದರು.

"ಏನಿಲ್ಲ ಮಾವ."

"ತೋರ್ಸು."

ಹೆಬ್ಬೆರಳ ಅರಿಸಿನವೆಲ್ಲ ಉಜ್ಜಿಹೋಗಿತ್ತು, ತುದಿಯ ಚರ್ಮ ಸುಲಿದು ಕೆಂಪಾಗಿತ್ತು. ಮಾವ ಎಡಗೈಯನ್ನು ಕೋಟಿನ ಜೇಬಿಗೆ ಹಾಕಿ ಒಂದು ಪುಟ್ಟ ಸೀಸೆ ತೆಗೆದರು. ಕೊಬ್ಬರಿ ಎಣ್ಣೆ. ಜೊತೆಗೆ ಮಡಿಸಿಟ್ಟ ಒಂದು ಮೆತ್ತನೆಯ ಬಟ್ಟೆಚೂರು.

"ಹಚ್ಕೋ. ಹೋದ ಮನೇಲಿ ಮೊದಲನೇ ದಿನಾನೇ ಕುಂಟಬಾರದು."

"ಎಣ್ಣೆ ಎಲ್ಲಿ ಸಿಕ್ತು ಮಾವ?"

"ಬೆಳಿಗ್ಗೆ ಮನೆ ಬಿಡೋವಾಗ್ಲೇ ಜೇಬಿಗೆ ಹಾಕ್ಕೊಂಡಿದ್ದೆ," ಎಂದರು. ಬಟ್ಟೆಚೂರನ್ನು ನನ್ನ ಕೈಗಿಟ್ಟು, "ನನ್ನ ಕೈ ಕೇಳಲ್ಲ ಅಂತ ಗೊತ್ತಿತ್ತು ಮಗು. ನೀನು ಕೇಳ್ತೀಯ ಅಂತಾನೂ ಗೊತ್ತಿತ್ತು," ಎಂದರು.

ಎಣ್ಣೆ ಹಚ್ಚಿಕೊಂಡೆ. ಹೊರಗೆ ಗಂಡಿನ ಕಡೆಯವರ ಕಾರು ಹಾರ್ನ್ ಹೊಡೆಯಿತು, ಅತ್ತೆ "ಹೊತ್ತಾಯ್ತಮ್ಮ" ಎಂದು ಕರೆದರು. ಹೊರಡುವಾಗ "ಬರ್ತೀನಿ" ಅನ್ನಬೇಕು, ಅಮ್ಮ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿಕೊಟ್ಟಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ.

"ಬಂದೆ, ಮಾವ," ಎಂದೆ.

"ಹ್ಞೂಂ," ಎಂದರು ಮಾವ. "ಮೈಗೆ ಹೇಳಿಟ್ಟಿರ್ತೀನಿ."